ಗುಬ್ಬಚ್ಚಿಯನ್ನು ಒಳಗೆ ಬಿಡಬಹುದು

ಕುರ್ಚಿ ಎಳೆದ ಹಾಗೇ ಇತ್ತು.

ಇಷ್ಟಕ್ಕೆಲ್ಲ ಯಾರಾದರೂ ಹೆದರುತ್ತಾರಾ ಎಂದು ನೀವು ಕೇಳಬಹುದು. ನಾನು ಹೆದರಿದೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ, ಅರ್ಧ ತಿಂದ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಹೆದರಿದೆ. ಎದೆ ಧಸಕ್ಕೆಂದಿತು ಅನ್ನುತ್ತಾರಲ್ಲ, ಅದು ಸುಮ್ಮನೆ ಹೇಳುವ ಮಾತಲ್ಲ ಎಂದು ಆವತ್ತು ತಿಳಿಯಿತು.

ಕುರ್ಚಿ ನಿಜವಾದದ್ದಲ್ಲ. ನಾವೊಂದಿಷ್ಟು ಜನ ಸೇರಿ ಕಂಪ್ಯೂಟರಿನಲ್ಲಿ ಆಡುವ ಹಳೆಯ ಆಟವೊಂದಿದೆ. ಅದರಲ್ಲಿ ಚಿತ್ರಗಳಿಲ್ಲ, ಬರೀ ವಾಕ್ಯಗಳು. 'ಉತ್ತರಕ್ಕೆ ಹೋಗು' ಎಂದು ಟೈಪ್ ಮಾಡಿದರೆ ಉತ್ತರದ ಬೀದಿ ಹೇಗಿದೆ ಎಂದು ತೆರೆಯ ಮೇಲೆ ನಾಲ್ಕು ಸಾಲು ಬರುತ್ತದೆ. 'ಕೂರು' ಅಂದರೆ ಕೂತಿರಿ ಎಂದು ಬರುತ್ತದೆ. ಅಲ್ಲೇ ಇನ್ನೊಬ್ಬರು ನಿಂತಿದ್ದರೆ ಅವರ ಜೊತೆ ಮಾತಾಡಬಹುದು, ಜಗಳವನ್ನೂ ಆಡಬಹುದು. ಅವರು ಯಾವ ಮೂಲೆಯಲ್ಲಿ ಕೂತು ಟೈಪ್ ಮಾಡುತ್ತಿದ್ದಾರೋ ನಿಮಗೆ ಗೊತ್ತಾಗುವುದಿಲ್ಲ. ನಾವು ಇದನ್ನು ಊರು ಅನ್ನುತ್ತೇವೆ. ಊರಿಗೆ ಅಂಗಳವಿದೆ, ಬಾವಿಯಿದೆ, ಜನ ತಾವೇ ಬರೆದು ಕಟ್ಟಿಕೊಂಡ ಮನೆಗಳಿವೆ. ಮನೆಯೆಂದ ಮೇಲೆ ಬಾಗಿಲು, ಬಾಗಿಲೆಂದ ಮೇಲೆ ಬೀಗ. ಯಾವ ಬೀಗ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ಗಿಂಬಳ ಇಲ್ಲ, ಬೈಗುಳ ಮಾತ್ರ ಧಾರಾಳ. ಊರಿನಲ್ಲಿ ನನ್ನ ಹೆಸರು ಬೀಗದಕ್ಕ.

ಮೆಟ್ಟಿಲ ಮೇಲಿನ ಕೋಣೆ ನನ್ನದು ಮತ್ತು ನನ್ನ ತಂಗಿಯದು. ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ. ಕುರ್ಚಿಯನ್ನು ನಾನೇ ಮಾಡಿದ್ದೆ: ಕೂತವರು ಎದ್ದು ಹೋದರೆ ಅದು ಎಳೆದ ಹಾಗೇ ಇರುತ್ತದೆ, ಯಾರಾದರೂ ಒಳಗೆ ತಳ್ಳುವವರೆಗೆ. ಅಮ್ಮ ನಮ್ಮಿಬ್ಬರನ್ನೂ ಹಾಗೆ ಬೆಳೆಸಿದ್ದಳು. ಊಟ ಮುಗಿಸಿ ಕುರ್ಚಿ ತಳ್ಳದೆ ಎದ್ದರೆ ಬಾಗಿಲವರೆಗೆ ಹೋದವಳನ್ನು ಕಿವಿ ಹಿಡಿದು ವಾಪಸ್ ಕರೆತರುತ್ತಿದ್ದಳು. ಇವತ್ತಿಗೂ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೇ ಕೂತೆದ್ದರೂ ನಾನು ಕುರ್ಚಿ ತಳ್ಳಿಯೇ ಹೊರಡುವುದು. ತಂಗಿಯೂ ಅಷ್ಟೇ. ಆಟದಲ್ಲೂ ನಾವು ಆ ಚಾಳಿ ಬಿಟ್ಟಿರಲಿಲ್ಲ.

ಈಗ ತೆರೆಯ ಮೇಲೆ ಬಂದ ಸಾಲು: 'ಮೇಜಿನ ಪಕ್ಕ ಕುರ್ಚಿ ಎಳೆದ ಹಾಗೇ ಇದೆ.'

ನಮಗಿಬ್ಬರಿಗಲ್ಲದೆ ಬೇರೆ ಯಾರಿಗೂ ತೆರೆಯದ ಕೋಣೆಯಲ್ಲಿ ಯಾರೋ ಬಂದು ಕೂತು ಎದ್ದು ಹೋಗಿದ್ದರು.

ತಂಗಿ ಗಂಡನನ್ನು ಬಿಟ್ಟು ಹೋಗಿ ಒಂದು ಚಳಿಗಾಲ ಕಳೆದಿತ್ತು. ಅವನ ಕಸುಬು ಫೋನ್ ರಿಪೇರಿ. ಮೊದಲ ಸಲ ಅವಳು ಮನೆ ಬಿಟ್ಟಾಗ ಅವಳ ಫೋನಿನ ಜಾಡು ಹಿಡಿದು ಹೋಗಿ ಕರೆತಂದಿದ್ದ. ಹೇಗೆ ಕರೆತಂದ ಅನ್ನುವುದನ್ನು ಅವಳ ಬಲಗೈ ಹೇಳುತ್ತದೆ. ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ. ಎರಡನೆಯ ಸಲ ಹೊರಟಾಗ ನಾನೇ ಹೇಳಿದೆ, ಎಲ್ಲಿಗೆ ಹೋಗ್ತೀಯ ಅಂತ ನನಗೂ ಹೇಳ್ಬೇಡ, ಫೋನ್ ಮುಟ್ಟಬೇಡ, ಊರಿನ ಕೋಣೇಲಿ ಮಾತಾಡೋಣ ಎಂದು. ಮನೆಗೆ ಬೆಂಕಿ ಬಿದ್ದರೆ ಮಾತ್ರ ಕರೆಯಬೇಕಾದ ಒಂದು ನಂಬರನ್ನು ಅವಳು ಕೊಟ್ಟಿದ್ದಳು. ಅದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ.

ಒಂದು ತೊಡಕಿತ್ತು. ಅವನಿಗೂ ಊರು ಗೊತ್ತು. ಅವರಿಬ್ಬರೂ ಮೊದಲು ಭೇಟಿಯಾದದ್ದೇ ಊರಿನ ಬಾವಿಕಟ್ಟೆಯ ಮೇಲೆ. ಮದುವೆಯಾದ ಮೇಲೆ ಇದೆಲ್ಲ ಮಕ್ಕಳಾಟ ಎಂದು ಮೂಗು ಮುರಿದು ಬಿಟ್ಟುಹೋಗಿದ್ದ, ಆದರೆ ಆಗ ತಂಗಿಗಿದ್ದ ಹೆಸರು ಅವನಿಗೆ ಗೊತ್ತಿತ್ತು: ಗುಬ್ಬಚ್ಚಿ. ಅದಕ್ಕೇ ಗುಬ್ಬಚ್ಚಿಯನ್ನು ಅಳಿಸಿಬಿಟ್ಟು ಹೊಸ ಹೆಸರಲ್ಲಿ ಬಾ ಅಂದೆ. ಅವಳು 'ಚಮಚ' ಎಂದು ಇಟ್ಟುಕೊಂಡಳು. "ಚಮಚಾನ ಯಾರು ಹುಡುಕ್ಕೊಂಡು ಬರ್ತಾರೆ ಅಕ್ಕ? ಎಲ್ಲರ ಮನೇಲೂ ಕಳೆದೋಗೋದೇ ಅದು" ಅಂದಿದ್ದಳು. ಅಷ್ಟೆಲ್ಲ ಆದ ಮೇಲೂ ನಗಿಸಬಲ್ಲಳು, ಆ ಹುಡುಗಿ.

ಆದರೆ ನಾನು ಹೆದರಿದ್ದು ಕುರ್ಚಿಗಿಂತ ಹೆಚ್ಚಾಗಿ ಕಿಟಕಿಗೆ.

ಆ ಕಿಟಕಿ ಅವಳದ್ದು. ಬಂದ ಹೊಸತರಲ್ಲಿ ಅದು ಖಾಲಿಯಿತ್ತು. ತಾನಿರುವ ಮನೆಯ ಕಿಟಕಿಯಿಂದ ಕಾಣುವುದು ಎಂದು ದಿನಾ ಒಂದೆರಡು ಸಾಲು ಸೇರಿಸುತ್ತ ಹೋದಳು. 'ಕಿಟಕಿ ನೋಡು' ಅಂದರೆ ಸಾಕು, ಎದುರಿಗೆ ಕೊಡೆ ರಿಪೇರಿ ಅಂಗಡಿ, ಅದರ ಬೋರ್ಡಿನ ಮೇಲೆ ಕಡ್ಡಿ ಮುರಿದ ದೊಡ್ಡ ಕೆಂಪು ಕೊಡೆ, ಪಕ್ಕದಲ್ಲಿ ಕಮಾನಿನ ಕೆಳಗೆ ಹಾದುಹೋಗುವ ಟ್ರಾಮು, ಬಣ್ಣ ಎದ್ದ ನೀರಿನ ಟ್ಯಾಂಕು. ಓದುತ್ತ ಓದುತ್ತ ನಾನೂ ಅವಳ ಜೊತೆ ನಿಂತಂತೆ ಅನ್ನಿಸುತ್ತಿತ್ತು. ಇದನ್ನೆಲ್ಲ ಬರೀಬೇಡ ಕಣೇ ಎಂದು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನನಗೆ ಅವಳನ್ನು ನೋಡಬೇಕಿತ್ತು. ಅಷ್ಟೇ ಅಲ್ಲ. ಒಂದು ಭಾನುವಾರ ಕೂತು ಕಮಾನು, ಟ್ರಾಮು, ಕೊಡೆ ಎಂದು ಹುಡುಕಿದೆ. ಕಾಫಿ ಆರುವುದರೊಳಗೆ ಪಟ್ಟಣ ಸಿಕ್ಕಿತು, ಬೀದಿ ಸಿಕ್ಕಿತು, ಕೆಂಪು ಕೊಡೆಯ ಫೋಟೋ ಕೂಡ ಸಿಕ್ಕಿತು. ತಂಗಿಯ ಹತ್ತಿರ ಬಾಯಿ ಬಿಡಲಿಲ್ಲ. ನನಗೆ ಸಿಕ್ಕಿದ್ದು ಇನ್ನೊಬ್ಬನಿಗೂ ಸಿಗುತ್ತದೆ ಎಂದು ಆಗ ಹೊಳೆದಿತ್ತೋ ಇಲ್ಲವೋ, ಈಗಂತೂ ಹೊಳೆಯಿತು.

ಹೊರಗಡೆ ಯಜಮಾನಿ ಕೂಗಿದರು, "ಆ ಅಜ್ಜಿ ಫ್ರೇಮು ಆಯ್ತೇನಮ್ಮಾ? ಕಾಯ್ತಾ ಇದಾರೆ."

"ಆಯ್ತು ಮೇಡಂ, ಎರಡೇ ನಿಮಿಷ."

ಅಜ್ಜಿಯ ಕನ್ನಡಕದ ಮೂಗಿನ ಹತ್ತಿರದ ತಿರುಪು ಬಿಗಿ ಮಾಡಲು ಹೋದರೆ ಅದು ಜಾರಿ ನೆಲಕ್ಕೆ ಬಿತ್ತು. ಅಕ್ಕಿಕಾಳಿಗಿಂತ ಸಣ್ಣ ತಿರುಪು. ಮಂಡಿಯೂರಿ ಹುಡುಕುತ್ತ ನನಗೆ ನಾನೇ ಹೇಳಿಕೊಂಡೆ: ಮೊದಲು ಬೀಗ ನೋಡು, ಆಮೇಲೆ ಅಳು.

ಬೀಗ ನೋಡುವುದಕ್ಕೊಂದು ಕ್ರಮವಿದೆ. ಊರಿನಲ್ಲಿ ಇಬ್ಬರಿಗೆ ಮಾತ್ರ ದೊಡ್ಡ ಕೈ: ನನಗೆ, ಮತ್ತು ಊರನ್ನು ಕಟ್ಟಿದ ತಾತನಿಗೆ. ದೊಡ್ಡ ಕೈ ಇದ್ದವರಿಗೆ ಯಾವ ಬೀಗವೂ ಲೆಕ್ಕಕ್ಕಿಲ್ಲ, ಎಲ್ಲ ಬಾಗಿಲೂ ತಾನಾಗಿ ತೆರೆಯುತ್ತದೆ. ಹಾಗಾಗಿ ದೊಡ್ಡ ಕೈ ಇಟ್ಟುಕೊಂಡೇ ಬೀಗ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಅದನ್ನು ಕಳಚಿಟ್ಟೆ. ಹೊಸದಾಗಿ ಬಂದ ಅತಿಥಿಯೊಬ್ಬಳ ವೇಷ ತೊಟ್ಟು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ.

'ಬಾಗಿಲು ಅಲುಗಾಡುವುದಿಲ್ಲ.'

ಕಿಟಕಿಯ ಕಡೆಯಿಂದ, ಮಾಡಿನ ಕಡೆಯಿಂದ, ಪಕ್ಕದ ಮನೆಯಿಂದ ಇಣುಕಿ ನೋಡಿದೆ. ಏನೂ ಕಾಣಲಿಲ್ಲ. ಬೀಗವನ್ನು ಬಿಡಿಸಿ ಓದಿದೆ. ಚಮಚ, ಗುಬ್ಬಚ್ಚಿ, ಬೀಗದಕ್ಕ, ಇಷ್ಟು ಜನರನ್ನು ಬಿಡು, ಉಳಿದವರನ್ನು ಬಿಡಬೇಡ. ಸರಿಯಾಗಿಯೇ ಇದೆ. ಯಾರು ಯಾವಾಗ ಎಲ್ಲಿಗೆ ಹೋದರು ಎಂದು ಊರು ಬರೆದಿಟ್ಟುಕೊಳ್ಳುವುದಿಲ್ಲ. ಊರಿಗ್ಯಾಕೆ ಬೇಕು ಆ ಚಾಡಿಬುದ್ಧಿ ಎಂದು ತಾತ ಅದನ್ನು ಮೊದಲೇ ತೆಗೆದುಹಾಕಿದ್ದರು.

ಬೀಗ ಗಟ್ಟಿ, ನಾನು ಕೂತಿಲ್ಲ, ತಂಗಿ ಕೂತರೂ ಕುರ್ಚಿ ತಳ್ಳದೆ ಏಳುವವಳಲ್ಲ. ಉಳಿದದ್ದು ಇನ್ನೊಂದು ದೊಡ್ಡ ಕೈ.

ತಾತ! ಇಷ್ಟು ವರ್ಷ ಅವರ ಕೈಕೆಳಗೆ ಕಲಿತು, ಅವರ ಮನೆಯಲ್ಲಿ ಉಂಡು, ಈಗ ಅವರ ಮೇಲೆ ಅನುಮಾನ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೆ ತಂಗಿಯ ಗಂಡ ಎಂಥ ನಯವಾದ ಮಾತಿನವನು ಎಂಬುದೂ ನನಗೆ ಗೊತ್ತು. ಮುದುಕರ ಮುಂದೆ ಕಣ್ಣಲ್ಲಿ ನೀರು ತಂದುಕೊಂಡು, ಹೆಂಡತಿ ಕ್ಷೇಮವಾಗಿದ್ದಾಳಾ ಅಂತ ಒಂದು ಸಲ ನೋಡಿ ಹೇಳಿ ತಾತ ಅಂದಿದ್ದರೆ? ತಲೆನೋವು ಎಂದು ಯಜಮಾನಿಗೆ ಸುಳ್ಳು ಹೇಳಿ ಅಂಗಡಿಯಿಂದ ಹೊರಬಿದ್ದೆ.

ತಾತನ ಮನೆ ಮೂರು ಬೀದಿ ಆಚೆ, ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತ ಹೋದೆ. ಹಣ್ಣಿನ ಗಾಡಿಯ ಹತ್ತಿರ ಫೋನ್ ನೋಡುತ್ತ ನಿಂತಿದ್ದವನೊಬ್ಬನ ಹೆಗಲು ತಂಗಿಯ ಗಂಡನ ಹೆಗಲಿನ ಹಾಗೇ ಕಂಡು ಅಲ್ಲೇ ನಿಂತೆ. ಅವನು ಮುಖ ಎತ್ತಿದ. ಯಾರೋ ಪಾಪ, ಮೀಸೆಯೂ ಮೂಡದ ಹುಡುಗ. ಮೆಟ್ಟಿಲಿನಲ್ಲಿ ಒಣಹಾಕಿದ್ದ ಒದ್ದೆ ಬೆಡ್‌ಶೀಟು ಮುಖಕ್ಕೆ ತಾಗಿದಾಗ ಕಿರುಚಿಯೇಬಿಟ್ಟೆ.

ಬಾಗಿಲು ತೆರೆದ ತಾತ ನನ್ನ ಮುಖ ನೋಡಿ ಗಾಬರಿಯಾದರು. "ಏನಮ್ಮಾ ಇದು, ದೆವ್ವ ಕಂಡವಳ ಹಾಗೆ? ಕೂತ್ಕೋ, ನೀರು ಕುಡಿ ಮೊದಲು."

"ತಾತ, ನಮ್ಮ ಮೇಲಿನ ಕೋಣೆಗೆ ನೀವು ಹೋಗಿದ್ರಾ?"

"ನಾನ್ಯಾಕಮ್ಮ ಹೋಗ್ಲಿ?"

"ಯಾರಾದ್ರೂ ಕೇಳ್ಕೊಂಡ್ರಾ, ಹೋಗಿ ನೋಡಿ ಅಂತ? ನಿಜ ಹೇಳಿ."

ತಾತ ಟೆಲಿಫೋನ್ ಇಲಾಖೆಯಲ್ಲಿ ತಂತಿ ಜೋಡಿಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಇನ್ನೊಬ್ಬರ ಮಾತಿಗೆ ಕಿವಿಗೊಡುವುದೆಂದರೆ ಅವರಿಗೆ ಎಂಜಲು ತಿಂದಷ್ಟು ಹೇಸಿಗೆ. ನಾನು ಕೇಳಿದ್ದು ಏನು ಎಂದು ಅರ್ಥವಾದಾಗ ಅವರ ಮುಖ ಕೆಂಪೇರಿತು.

"ನೋಡು, ವಯಸ್ಸಾಗಿದೆ ನಂಗೆ, ಬುದ್ಧಿ ಕೆಟ್ಟಿಲ್ಲ. ಬೇರೆ ಯಾರಾದ್ರೂ ಈ ಮಾತು ಕೇಳಿದ್ರೆ ಬಾಗಿಲು ತೋರಿಸ್ತಿದ್ದೆ" ಅಂದರು. ಆಮೇಲೆ, ನಾನು ಸುಮ್ಮನೆ ಗೋಡೆಗೊರಗಿ ನಿಂತಿದ್ದನ್ನು ನೋಡಿ, ದನಿ ಇಳಿಸಿದರು. "ಬಾ ಇಲ್ಲಿ. ಬೀಗ ತೋರಿಸು."

ಅವರ ಕಂಪ್ಯೂಟರಿನ ಮುಂದೆ ಇಬ್ಬರೂ ಕೂತೆವು. ಹೆಸರು ಹಿಡಿದು ಒಂದೊಂದಾಗಿ ಪರೀಕ್ಷೆ ಮಾಡೋಣ ಅಂದರು. ಯಾರ ಹೆಸರಾದರೂ ಕೊಟ್ಟರೆ, ಅವರು ಬಂದರೆ ಬೀಗ ಏನು ಮಾಡುತ್ತದೆ ಎಂದು ಊರು ಹೇಳುತ್ತದೆ. ಅತಿಥಿ: ಬಿಡುವಂತಿಲ್ಲ. ತಾತ: ದೊಡ್ಡ ಕೈ, ಬೀಗ ಲೆಕ್ಕಕ್ಕಿಲ್ಲ. ಚಮಚ: ಒಳಗೆ ಬಿಡಬಹುದು.

"ಚಮಚ ಯಾರು?"

"ತಂಗಿ. ಹೊಸ ಹೆಸರು. ಯಾರಿಗೂ ಹೇಳಿಲ್ಲ ತಾತ, ನಿಮಗೂ ಹೇಳಿರ್ಲಿಲ್ಲ."

"ಮತ್ತೆ ಗುಬ್ಬಚ್ಚಿ ಯಾರು?"

"ಅದು ಅವಳ ಹಳೇದು. ಅಳಿಸಿ ಆಯ್ತಲ್ಲ, ಆ ಹೆಸರಿನವರು ಯಾರೂ ಇಲ್ಲ. ಬೀಗದಲ್ಲಿ ಸುಮ್ನೆ ಇದೆ."

ಸುಮ್ಮನೆ ಇರಲಿಲ್ಲ. ಅಳಿಸಲು ನನಗೆ ಮನಸ್ಸು ಬಂದಿರಲಿಲ್ಲ. ಆ ಹೆಸರನ್ನು ಅವಳಿಗೆ ಇಟ್ಟವಳು ನಾನು, ಅವಳು ಇನ್ನೂ ಮಾತು ಕಲಿಯುವ ಮೊದಲು. ಇಲ್ಲದವಳ ಹೆಸರು ಬೀಗದಲ್ಲಿದ್ದರೆ ಯಾರಿಗೇನು ನಷ್ಟ ಅಂದುಕೊಂಡಿದ್ದೆ.

ತಾತ ಗುಬ್ಬಚ್ಚಿ ಎಂದು ಟೈಪ್ ಮಾಡಿದರು. ಆ ಹೆಸರಿನವರು ಯಾರೂ ಇಲ್ಲ ಎಂದು ಬರಬೇಕಿತ್ತು.

'ಗುಬ್ಬಚ್ಚಿ: ಒಳಗೆ ಬಿಡಬಹುದು.'

ಇಲ್ಲದವಳನ್ನು ಊರು ಬಲ್ಲೆ ಅನ್ನುತ್ತಿದೆ.

"ಬೀಗ ಮುಖ ನೋಡಲ್ಲಮ್ಮ, ಹೆಸರು ನೋಡುತ್ತೆ" ಅಂದರು ತಾತ ಮೆಲ್ಲಗೆ. "ನೀನು ಅಳಿಸಿದ ಮೇಲೆ ಆ ಹೆಸರು ಖಾಲಿ ಬಿದ್ದಿತ್ತು. ಯಾರೋ ಹೊಸದಾಗಿ ಬಂದು ಅದನ್ನೇ ಇಟ್ಕೊಂಡಿದಾರೆ. ಮೊನ್ನೆ ಬಾವಿ ಹತ್ರ ನೋಡ್ದೆ ಗುಬ್ಬಚ್ಚೀನ. ನಿನ್ನ ತಂಗೀನೇ ಅಂದ್ಕೊಂಡೆ. ಹೇಗಿದೀಯಮ್ಮ ಅಂದೆ, ಉತ್ತರಾನೇ ಕೊಡ್ಲಿಲ್ಲ. ಏನೋ ಬೇಜಾರಲ್ಲಿದಾಳೆ ಅಂತ ಸುಮ್ನಾದೆ."

ಯಾರೋ ಅಲ್ಲ. ಕುರ್ಚಿ ಕಂಡ ಕೂಡಲೇ ನನ್ನ ಒಳಮನಸ್ಸಿಗೆ ಅದು ಗೊತ್ತಾಗಿತ್ತು, ತಲೆ ಒಪ್ಪಿರಲಿಲ್ಲ ಅಷ್ಟೇ. ತಂಗಿಯ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅವಳ ಗಂಡ ಎದ್ದ ಮೇಲೆ ಕುರ್ಚಿ ಅಡ್ಡಡ್ಡ ಬಿದ್ದಿರುತ್ತಿತ್ತು. ತಂಗಿ ತುಟಿ ಬಿಗಿಹಿಡಿದು ತಳ್ಳುತ್ತಿದ್ದಳು. ನಾನು ತಟ್ಟೆ ನೋಡುತ್ತ ಕೂತಿರುತ್ತಿದ್ದೆ.

"ಈಗ ಊರಲ್ಲಿದಾನಾ?"

ತಾತ ನೋಡಿದರು. ನೋಡಿ, ನನ್ನ ಕಡೆ ತಿರುಗದೆಯೇ ಹೇಳಿದರು. "ಕೋಣೇಲೇ ಇದಾನೆ."

ಅವರು ಬೇಡ ಬೇಡ ಅನ್ನುತ್ತಿದ್ದಂತೆಯೇ ಕೀಲಿಮಣೆ ಎಳೆದುಕೊಂಡು ನಾನು ಒಳಗೆ ಹೋದೆ. ಅವನಿಗೆ ಏನೆಲ್ಲ ಗೊತ್ತಾಗಿದೆ ಎಂದು ನನಗೆ ತಿಳಿಯಬೇಕಿತ್ತು.

'ಗುಬ್ಬಚ್ಚಿ ಕುರ್ಚಿಯಲ್ಲಿ ಕೂತಿದ್ದಾಳೆ.' ತಂಗಿಯ ಹೆಸರು, ತಂಗಿಯ ಕೋಣೆ, ಹೆಣ್ಣಿನ ಕ್ರಿಯಾಪದ.

ಆಮೇಲೆ:

'ಗುಬ್ಬಚ್ಚಿ ಹೇಳುತ್ತಾಳೆ: ಬನ್ನಿ ಅತ್ತಿಗೆ. ನಿಮ್ಮನ್ನೇ ಕಾಯ್ತಿದ್ದೆ.'

'ಗುಬ್ಬಚ್ಚಿ ಹೇಳುತ್ತಾಳೆ: ಕಿಟಕಿ ಚೆನ್ನಾಗಿ ಬರೆದಿದಾಳೆ. ಮೊದಲಿಂದಲೂ ಅವಳಿಗೆ ಬರೆಯೋದು ಬರ್ತಿತ್ತು.'

'ಗುಬ್ಬಚ್ಚಿ ಹೇಳುತ್ತಾಳೆ: ಟ್ರಾಮ್ ಈಗ ತಾನೇ ಹೋಯ್ತು. ಕೊಡೆ ಫೋಟೋದಲ್ಲಿ ಇರೋದಕ್ಕಿಂತ ದೊಡ್ಡದಿದೆ.'

ತಾತ ನನ್ನ ಕೈ ಸರಿಸಿ, ಒಂದೇ ಸಾಲು ಬರೆದು ಅವನನ್ನು ಊರಿನಿಂದಲೇ ಹೊರಗೆ ನೂಕಿದರು. ಆದರೆ ಅವನು ಊರಿನಲ್ಲಿ ಇರಲೇ ಇಲ್ಲ. ಅವನು ಆ ಬೀದಿಯಲ್ಲಿ, ಕೆಂಪು ಕೊಡೆಯ ಕೆಳಗೆ ನಿಂತು ಎದುರಿನ ಕಿಟಕಿ ನೋಡುತ್ತಿದ್ದ.

ಫೋನ್ ತೆಗೆದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ನಂಬರಿನ ಕೊನೆಯ ಅಂಕಿಗಳು ಆ ಗಳಿಗೆಯಲ್ಲಿ ಹಿಂದುಮುಂದಾಗಿ ಯಾವುದೋ ಗಂಡಸು ಹಲೋ ಅಂದ. ಮತ್ತೆ ಒತ್ತಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು, ನಿಂತುಹೋಯಿತು. ಬಾಗಿಲು ತೆರೆಯಬೇಡ, ಬಾಗಿಲು ತೆರೆಯಬೇಡ ಎಂದು ನಾನು ಖಾಲಿ ಫೋನಿಗೆ ಹೇಳುತ್ತಿದ್ದೆನಂತೆ. ತಾತ ಆಮೇಲೆ ಹೇಳಿದರು. ಮತ್ತೊಮ್ಮೆ ಒತ್ತಿದೆ.

"ಅಕ್ಕ?" ಪಿಸುಮಾತು. "ಏನಾಯ್ತು?"

"ಎಲ್ಲಿದೀಯ? ಮನೇಲಾ? ಹಿಂದ್ಗಡೆಯಿಂದ ಓಡು. ಅವನು ಅಲ್ಲೇ ಇದಾನೆ ಕಣೇ, ಕೊಡೆ ಅಂಗಡಿ ಎದುರಿಗೆ. ಕಿಟಕಿ ಹತ್ರ ಹೋಗ್ಬೇಡ. ನನ್ನಿಂದಲೇ ಆಯ್ತು, ಹಳೇ ಹೆಸರು ಬೀಗದಲ್ಲಿ ಬಿಟ್ಟಿದ್ದೆ..."

ಆ ಕಡೆ ಉಸಿರಾಟ ಕೇಳಿಸುತ್ತಿತ್ತು, ಬೇಗ ಬೇಗ. ಆಮೇಲೆ ಅವಳು ಕೇಳಿದಳು, "ಕೊಡೆ ಅಂಗಡಿ ಹತ್ರಾನಾ? ಖಂಡಿತಾನಾ?"

"ಹೂಂ ಕಣೇ, ಓಡು!"

"ಅಕ್ಕ, ನಾನು ಅಲ್ಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಅದು ನನ್ನ ಕಿಟಕಿ ಅಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್‌ದು. ಬರೋ ದಾರೀಲಿ ಆ ಪಟ್ಟಣದಲ್ಲಿ ಬಸ್ಸು ತಪ್ಪಿತ್ತು. ಕೆನ್ನೆ ಊದಿತ್ತಲ್ಲ, ಹಲ್ಲೂ ಅಲ್ಲಾಡ್ತಿತ್ತು, ಹೋಗಿ ಕೂತಿದ್ದೆ. ಇಡೀ ಮಧ್ಯಾಹ್ನ ಆ ಕಿಟಕೀನೇ ನೋಡ್ತಾ ಕೂತಿದ್ದೆ." ಅವಳ ದನಿಯಲ್ಲಿ ನಗು ಬರಲು ನೋಡಿ ಬರದೆ ಹೋಯಿತು. "ಅಲ್ಲಿ ಕುರ್ಚಿಗಳನ್ನ ನೆಲಕ್ಕೆ ಬೋಲ್ಟ್ ಹಾಕಿದಾರೆ ಅಕ್ಕ. ಅವನಿಗೆ ಎಳೀಲಿಕ್ಕಾಗಲ್ಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ ಅವಳು ಎದುರಿಗಿದ್ದಿದ್ದರೆ ಒಂದು ಬಾರಿಸುತ್ತಿದ್ದೆ.

"ನಂಗೂ ಸುಳ್ಳು ಹೇಳಿದ್ಯಾ? ದಿನಾ ಬಂದು ನಿನ್ನ ಕಿಟಕಿ ಅಂತ ನೋಡ್ತಾ ನಿಂತಿರ್ತಿದ್ದೆ ನಾನು!"

"ಗೊತ್ತು. ನೀನು ಹುಡುಕ್ತೀಯ ಅಂತಾನೂ ಗೊತ್ತಿತ್ತು. ಹುಡುಕಿದ್ಯಲ್ವಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನೀನಾಗಿ ಯಾವತ್ತೂ ಹೇಳಲ್ಲ ಅಕ್ಕ. ಆದ್ರೆ ಅವನು ನಿನ್ನನ್ನ ಒಂದು ಕೋಣೇಲಿ ಕೂರಿಸಿ ಕೇಳಿದ್ರೆ ಹೇಳ್ತೀಯ. ಯಾರಾದ್ರೂ ಹೇಳ್ತಾರೆ. ಅವನು ಕೇಳೋ ರೀತಿ ನಂಗೆ ಗೊತ್ತು. ಅಲ್ಲಿ ನಾನಿಲ್ಲ ಅಂತ ಇವತ್ತೇ ಗೊತ್ತಾಗುತ್ತೆ ಅವನಿಗೆ. ಆಮೇಲೆ ನಿನ್ನ ಹತ್ರಾನೇ ಬರ್ತಾನೆ. ಒಬ್ಬಳೇ ಇರ್ಬೇಡ. ಈ ಸಿಮ್ ಈಗ್ಲೇ ಮುರಿದು ಹಾಕ್ತೀನಿ. ನಾನಾಗೇ ಊರಿನ ಅಂಗಳಕ್ಕೆ ಬಂದು ಮಾತಾಡಿಸೋವರೆಗೂ ಹುಡುಕ್ಬೇಡ, ಅಷ್ಟು ಮಾಡು."

ಹಾಗಾದರೆ ನೀನು ನಿಜವಾಗಿ ಎಲ್ಲಿದೀಯ? ಮಾತು ನಾಲಿಗೆಯ ತುದಿಗೆ ಬಂದಿತ್ತು. ಊಟ ಸರಿಯಾಗಿ ಮಾಡ್ತೀಯಾ ಎಂದು ಕೇಳಿದೆ. ಮಾಡ್ತೀನಿ ಅಂದಳು. ಫೋನ್ ಕಟ್ಟಾಯಿತು.

ತಾತ ನೀರು ತಂದುಕೊಟ್ಟರು. "ಎಲ್ಲಿದಾಳಂತೆ?"

"ಗೊತ್ತಿಲ್ಲ" ಅಂದೆ. ಅವನು ಬಂದು ಕೂತು ಕೇಳುವಾಗಲೂ ಇದನ್ನೇ ಹೇಳಬೇಕು, ನಿಜವಾಗಿಯೇ ಹೇಳಬೇಕು ಎಂದು ಅನ್ನಿಸಿತು.

ತೆರೆಯ ಮುಂದೆ ಕೂತೆ. ಮೊದಲು ಕುರ್ಚಿಯನ್ನು ಒಳಗೆ ತಳ್ಳಿದೆ. ಬೀಗದಿಂದ ಗುಬ್ಬಚ್ಚಿಯನ್ನು ತೆಗೆದೆ. ಆಮೇಲೆ ಬೀಗದಕ್ಕನನ್ನೂ ತೆಗೆದೆ. ಚಮಚ ಒಂದೇ ಉಳಿಯಿತು, ಅದೂ ಹೆಸರಾಗಿ ಅಲ್ಲ, ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಊರು ಕೊಡುವ, ಇನ್ನೊಬ್ಬರಿಗೆ ಎಂದೂ ಸಿಗದ ಸಂಖ್ಯೆಯಾಗಿ.

"ತಾತ, ನನ್ನ ದೊಡ್ಡ ಕೈ ಕಿತ್ಕೊಳ್ಳಿ."

"ಯಾಕಮ್ಮ? ಊರಿನ ಬೀಗ ಎಲ್ಲಾ ಯಾರು ನೋಡ್ತಾರೆ?"

"ನೀವು ನೋಡಿ. ಇಲ್ಲ ಯಾರಿಗಾದ್ರೂ ಕಲಿಸಿ. ಈ ಕೋಣೆ ನನ್ನ ಕೈಲಿ ತೆರೀಬಾರ್ದು. ಯಾರು ಹೇಳಿದ್ರೂ, ಏನು ಮಾಡಿದ್ರೂ."

ಅವರು ನನ್ನನ್ನೇ ನೋಡಿದರು. ಒಂದು ಸಾಲು ಬರೆದು ಕಿತ್ತುಕೊಂಡರು.

ಯಾವ ಅಧಿಕಾರವೂ ಇಲ್ಲದ ಬರೀ ಅಕ್ಕನಾಗಿ ಅಂಗಳದಿಂದ ಮೆಟ್ಟಿಲು ಹತ್ತಿದೆ. ಬೀಗ ಹಾಕಿದ ಮೇಲೆ ಪರೀಕ್ಷೆ ಮಾಡದೆ ಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಬಾಗಿಲು ತಳ್ಳಿದೆ.

'ಬಾಗಿಲು ಅಲುಗಾಡುವುದಿಲ್ಲ.'

ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋಗಿದ್ದವು. ಗಟ್ಟಿಯಾಗಿದೆಯಾ ಎಂದು ಇನ್ನೊಂದು ಸಲ ತಳ್ಳಿ ನೋಡಿದೆ.